ಪಿಟ್ ವಾಲ್ ಬಿಟ್ಟರೂ ಲ್ಯಾಪ್ ಚಾರ್ಟ್ ಬಿಡಲಿಲ್ಲ

ಟೈಮಿಂಗ್ ಸ್ಕ್ರೀನ್ ಕಣ್ಣೆದುರೇ ಇರುವಾಗ ಕಾರ್ ರೇಸಿನ ವರದಿಗಾರನಿಗೆ ಪೆನ್ಸಿಲು, ಪ್ರತಿ ಲ್ಯಾಪಿನ (ಸುತ್ತಿನ) ಸಮಯ ಬರೆದಿಡುವ ಚಾರ್ಟು ಯಾಕೆ ಅಂತ ಕೇಳಿದವರೇ ಹೆಚ್ಚು. ಟೀಮ್ ಮ್ಯಾನೇಜರ್ ಆಗಿ ಪಿಟ್ ವಾಲ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕದ ತಂಡದ ಕಟ್ಟೆಯಲ್ಲಿ, ಕೂತು ಹಾಕುತ್ತಿದ್ದ ಲೆಕ್ಕವನ್ನೇ ಪ್ರೆಸ್ ರೂಮಿನಲ್ಲೂ ಮುಂದುವರಿಸಿದೆ. ಈಗ ಯಾರು ಯಾವಾಗ ಟೈರು ಬದಲಿಸಲು ಪಿಟ್‌ಗೆ ಬರುತ್ತಾರೆ ಅನ್ನುವುದನ್ನು ಹತ್ತರಲ್ಲಿ ಏಳು ಸಲವಾದರೂ ಎರಡು ಲ್ಯಾಪ್ ಆಚೀಚೆ ಹೇಳಿಬಿಡುತ್ತೇನೆ. ಅಂದು ನಕ್ಕವರು ಈಗ ನನ್ನ ಹಾಳೆಗೆ ಇಣುಕುತ್ತಾರೆ.

ಗುಟ್ಟು ಇರುವುದು ಇಂಧನದ ಲೆಕ್ಕದಲ್ಲಿ. 2010ರಿಂದ ಫಾರ್ಮುಲಾ ಒನ್‌ನಲ್ಲಿ ರೇಸಿನ ನಡುವೆ ಇಂಧನ ತುಂಬುವಂತಿಲ್ಲ, ಕಾರು ಲ್ಯಾಪಿನಿಂದ ಲ್ಯಾಪಿಗೆ ಹಗುರಾಗುತ್ತಲೇ ಹೋಗುತ್ತದೆ. 60 ಲ್ಯಾಪಿನ ರೇಸಾದರೆ ಲ್ಯಾಪಿಗೆ 1.7 ಕೆಜಿ ಹಿಡಿಯಿರಿ. 10 ಕೆಜಿ ಇಳಿದರೆ ಹೆಚ್ಚುಕಮ್ಮಿ 0.3 ಸೆಕೆಂಡ್ ಉಳಿತಾಯ. 5ನೇ ಲ್ಯಾಪಿನಲ್ಲೂ 1:35.0, 20ನೇ ಲ್ಯಾಪಿನಲ್ಲೂ 1:35.0 ಬಂದರೆ ‘ಟೈರು ಗಟ್ಟಿಮುಟ್ಟಾಗಿದೆ’ ಅಂತ ಬರೆದುಬಿಡುತ್ತಾರೆ. ಎಲ್ಲಿಯ ಗಟ್ಟಿ? 25 ಕೆಜಿ ಇಳಿದ ಕಾರು ಮುಕ್ಕಾಲು ಸೆಕೆಂಡ್ ಬೇಗ ಬರಬೇಕಿತ್ತು. ಅಷ್ಟನ್ನೂ ಟೈರಿನ ಸವೆತ ನುಂಗಿದೆ, ಲ್ಯಾಪಿಗೆ 0.05 ಸೆಕೆಂಡಿನಂತೆ. ಅದು 0.1 ದಾಟಿತೆಂದರೆ ನಾನು ಪಿಟ್ ಕಡೆ ಕಣ್ಣಿಡುತ್ತೇನೆ.

ಲೆಕ್ಕ ಕೆಡುವುದು ಟ್ರಾಫಿಕ್‌ನಲ್ಲಿ. ಮುಂದಿನ ಕಾರಿಗೆ ಒಂದೂವರೆ ಸೆಕೆಂಡಿಗಿಂತ ಹತ್ತಿರವಿದ್ದ ಲ್ಯಾಪುಗಳನ್ನು ಹೊಡೆದುಹಾಕಿ. ಅಪಾಯ ಸೂಚಿಸುವ ಹಳದಿ ಬಾವುಟದವೂ, ಪಿಟ್‌ಗೆ ಬರುವ ಇನ್ ಲ್ಯಾಪ್, ಪಿಟ್‌ನಿಂದ ಹೊರಡುವ ಔಟ್ ಲ್ಯಾಪುಗಳೂ ಬೇಡ. ಪಿಟ್‌ನಲ್ಲಿ ಹೋಗುವುದು ಸಾಮಾನ್ಯವಾಗಿ 20–25 ಸೆಕೆಂಡ್, ಅಪಘಾತವಾದಾಗ ಎಲ್ಲರನ್ನೂ ನಿಧಾನಗೊಳಿಸುವ ಸೇಫ್ಟಿ ಕಾರ್ ಬಂದರೆ ಹತ್ತಿರಹತ್ತಿರ ಅರ್ಧ. ಆದರೆ ಹೊರಬಂದಾಗ ಯಾರ ಹಿಂದೆ ಬೀಳುತ್ತಾನೆ ಅನ್ನುವುದೇ ಮುಖ್ಯ. 2010ರ ಕೊನೆಯ ರೇಸು ಅಬುಧಾಬಿಯಲ್ಲಿ, ಚಾಂಪಿಯನ್‌ಶಿಪ್ ಪೈಪೋಟಿಯಲ್ಲಿದ್ದ ರೆಡ್ ಬುಲ್‌ನ ವೆಬ್ಬರ್‌ನನ್ನು ತಡೆಯಲು ಫೆರಾರಿ ತನ್ನ ಚಾಲಕ ಅಲೊನ್ಸೊನನ್ನು ಬೇಗ ಪಿಟ್‌ಗೆ ಕರೆಯಿತು. ಅವನು ರೆನೋ ತಂಡದ ಪೆಟ್ರೋವ್ ಹಿಂದೆ ಸಿಕ್ಕಿಬಿದ್ದು ಏಳನೆಯವನಾದ. ಚಾಂಪಿಯನ್‌ಶಿಪ್ ವೆಬ್ಬರ್‌ನ ತಂಡದವನೇ ಆದ ವೆಟ್ಟೆಲ್ ಪಾಲಾಯಿತು.

ದುಡ್ಡಿನ ಮಾತು. ವರದಿಗೆ ಇಷ್ಟು ಅಂತ ಕೊಡುವ ಕಡೆ ವಿಮಾನ, ಹೋಟೆಲಿನ ಖರ್ಚೇ ಗಿಟ್ಟುವುದಿಲ್ಲ. ಒಂದೇ ಚಾರ್ಟನ್ನು ಮೂರು ಕಡೆ ಮಾರುತ್ತೇನೆ: ಅಂದಿನ ವರದಿ, ಮರುದಿನದ ವಿಶ್ಲೇಷಣೆ, ಕಾಮೆಂಟರಿಯವರಿಗೆ ಟಿಪ್ಪಣಿ. ದೂರದ ರೇಸುಗಳಲ್ಲಿ ಅರ್ಧದಷ್ಟನ್ನು ಮನೆಯಿಂದಲೇ ಮಾಡುತ್ತೇನೆ. ವರದಿಗೆ ಹಣ ಬಾಕಿ ಇಟ್ಟುಕೊಂಡೇ ಮುಚ್ಚಿಹೋದ ಪತ್ರಿಕೆಗಳೂ ಇವೆ. ಅದಕ್ಕೆ ಯಾವ ಚಾರ್ಟೂ ಇಲ್ಲ.

ನಡುವೆ ಇನ್ನೊಂದು ಪ್ರಯೋಗ: ತಿರುವಿಗೆ ಎಷ್ಟು ದೂರವಿದೆ ಅಂತ ತೋರಿಸುವ ಬ್ರೇಕಿಂಗ್ ಬೋರ್ಡಿನ ಬಳಿ ರೆಕಾರ್ಡರ್ ಇಟ್ಟು, ಬ್ರೇಕಿಗೆ ಮೊದಲೇ ಥ್ರಾಟಲ್ (ವೇಗದ ಪೆಡಲ್) ಬಿಡುವವರನ್ನು ಹಿಡಿಯುವುದು. ಇಂಧನ ಉಳಿಸುವವರು ಸದ್ದಿನಲ್ಲೇ ಸಿಕ್ಕಿಬೀಳುತ್ತಾರೆ, ಗಾಳಿ ಜೋರಾದರೆ ಮಾತ್ರ ಎಲ್ಲ ಗೊರಗೊರ. ಮೈಕಿಗೆ ಸ್ಪಂಜು ಸುತ್ತಿದರೂ ಅರ್ಧ ದಿನ ವ್ಯರ್ಥ.

ಮೆಕ್ಯಾನಿಕ್‌ಗಳು ಟೈರು ಹಿಡಿದು ಹೊರಬಂದಾಗ ಅದು ನಿಜವೋ ನಾಟಕವೋ ಅಂತ ಗುರುತಿಸಲು ಒಂದು ಉಪಾಯವಿದೆ. ಅದು ಹೊಟ್ಟೆಪಾಡಿನ ವಿಷಯ, ಇಲ್ಲಿ ಬರೆಯಲ್ಲ. ಶುಕ್ರವಾರದ ಅಭ್ಯಾಸದಲ್ಲಿ ಯಾರು ಯಾವ ಹೊಸ ಟೈರ್ ಸೆಟ್ ಮುಟ್ಟದೆ ಉಳಿಸಿದರು ಅನ್ನುವುದನ್ನಷ್ಟೇ ಬರೆದಿಟ್ಟುಕೊಳ್ಳಿ.

ಮಳೆ ಬಂದರೆ ಇಂಧನದ ಲೆಕ್ಕ ಬದಿಗಿಡಿ. ಸ್ವಲ್ಪ ಒದ್ದೆಯಾದ ಟ್ರ್ಯಾಕಿಗೆ ಹಾಕುವ ಇಂಟರ್‌ಮೀಡಿಯೆಟ್ ಟೈರಿನ ಲ್ಯಾಪು ಒಣ ಟ್ರ್ಯಾಕಿನ ಸಮಯಕ್ಕಿಂತ ಶೇ. 12ರಷ್ಟು ಹೆಚ್ಚಿರುವ ಮಟ್ಟಕ್ಕೆ ಇಳಿಯಿತೆಂದರೆ, ಅಂದರೆ 1:35ರ ಟ್ರ್ಯಾಕಿನಲ್ಲಿ 1:46ರ ಸುಮಾರಿಗೆ, ಯಾರೋ ಒಬ್ಬ ಸ್ಲಿಕ್‌ಗೆ (ಒಣ ಟ್ರ್ಯಾಕಿನ ನುಣುಪು ಟೈರು) ಬಂದೇ ಬರುತ್ತಾನೆ. ಹೆಚ್ಚಾಗಿ ಹಿಂದೆ ಬಿದ್ದವನು, ಕಳೆದುಕೊಳ್ಳಲು ಏನೂ ಇಲ್ಲದವನು. ಲ್ಯಾಪಿನ ಮೂರು ಭಾಗಗಳಲ್ಲಿ ಎರಡನೆಯದರ, ಅಂದರೆ ಎರಡನೇ ಸೆಕ್ಟರಿನ, ಅವನ ಸಮಯ ನೋಡಿ ಆಮೇಲೆ ಬರೆಯಿರಿ.