ದಾಳಿಂಬೆ ಸಿಪ್ಪೆಯ ಒಗರು, ಹಾಲಿನ ಪ್ರೋಟೀನು: ನನ್ನ ಅನುಭವ

ಶಿರಸಿ ಕಡೆಯ ಅಜ್ಜಿ ಮನೆಯಲ್ಲಿ ಹೊಟ್ಟೆ ಕೆಟ್ಟವರಿಗೆ ದಾಳಿಂಬೆ ಸಿಪ್ಪೆಯ ತಂಬುಳಿ ಮಾಡುತ್ತಿದ್ದರು. ಬರಿಯ ಕಷಾಯವನ್ನು ನಾಲಿಗೆಗೆ ಮುಟ್ಟಿಸಿದರೆ ಬಾಯಿಯೆಲ್ಲ ಒಣಗಿ ಹಿಡಿದಂತಾಗುತ್ತಿತ್ತು; ಅದನ್ನೇ ಮಜ್ಜಿಗೆಗೆ ಬೆರೆಸಿಕೊಟ್ಟರೆ ನಾವು ಮಕ್ಕಳು ಎರಡನೆಯ ಲೋಟ ಕೇಳುತ್ತಿದ್ದೆವು. ಕಾರಣ ತಿಳಿದದ್ದು ಆಹಾರ ತಂತ್ರಜ್ಞಾನ ಓದಿದ ಮೇಲೆ. ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ಪಾಲಿಫೀನಾಲ್ (ಸಸ್ಯಗಳಲ್ಲಿರುವ ಒಂದು ಬಗೆಯ ರಾಸಾಯನಿಕ) ಜೊಲ್ಲಿನ ಪ್ರೋಟೀನಿಗೆ ಅಂಟಿ ಅದರ ನುಣುಪನ್ನು ಕಿತ್ತುಕೊಳ್ಳುತ್ತದೆ, ಅದೇ ಒಗರು. ಮಜ್ಜಿಗೆಯಲ್ಲಿರುವ ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್ ಮೊದಲೇ ಸಿಕ್ಕಿಬಿಟ್ಟರೆ ಟ್ಯಾನಿನ್ ಅದನ್ನೇ ಹಿಡಿದುಕೊಳ್ಳುತ್ತದೆ.

ಈ ಹಿಡಿತವನ್ನೇ ಕೆಲಸಕ್ಕೆ ಹಚ್ಚಬೇಕೆಂದು ಧಾರವಾಡದ ನನ್ನ ಸಣ್ಣ ಘಟಕದಲ್ಲಿ ಪ್ರಯತ್ನಕ್ಕಿಳಿದೆ. ಅಗಸೆ ಎಣ್ಣೆ ಬೆರೆತ ಪ್ರೋಟೀನ್ ಪೇಯವೊಂದನ್ನು ಮಾಡುವುದು ನನ್ನ ಆಸೆಯಾಗಿತ್ತು. ಅಗಸೆ ಎಣ್ಣೆಯಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಒಮೆಗಾ-3 ಕೊಬ್ಬಿನಾಮ್ಲ. ಅದೇ ಕಾರಣಕ್ಕೆ ಗಾಳಿ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಪೇಂಟ್ ತಯಾರಿಕೆಗೆ ಅದನ್ನು ಬಳಸುವುದೂ ಗಾಳಿಗೆ ಗಟ್ಟಿಯಾಗುವ ಈ ಗುಣಕ್ಕಾಗಿಯೇ. ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆದಾಗ ಪ್ರತಿ ಹನಿಯ ಸುತ್ತ ಪ್ರೋಟೀನಿನ ಪೊರೆ ಕಟ್ಟುತ್ತದೆ. ಪಾಲಿಫೀನಾಲ್ ಎಣ್ಣೆ ಕಮಟಾಗುವುದನ್ನು ತಡೆಯುತ್ತದೆ; ಆ ಪೊರೆಗೇ ಅದನ್ನು ಅಂಟಿಸಿದರೆ, ಕೆಡುವಿಕೆ ಶುರುವಾಗುವ ಅಂಚಿನಲ್ಲೇ ಕಾವಲು ಕೂರಿಸಿದಂತೆ.

ಮೊದಲು ಪನೀರ್ ಮಾಡುವವರು ಚೆಲ್ಲುವ ಹಾಲೊಡಕಿನ ನೀರನ್ನು ತಂದೆ. ತಪ್ಪಾಯಿತು. ಪನೀರಿಗೆಂದು ಹಾಲನ್ನು ಚೆನ್ನಾಗಿ ಕಾಯಿಸುತ್ತಾರೆ. ಆಗ ಹಾಲೊಡಕಿನ ಪ್ರೋಟೀನಿನ ಬಹುಪಾಲು ಕೇಸೀನಿಗೆ ಅಂಟಿ ಪನೀರಿನ ಜೊತೆಗೇ ಹೋಗಿರುತ್ತದೆ. ಉಳಿದದ್ದು ಹೆಚ್ಚಾಗಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಕೊನೆಗೆ ಹಾಲೊಡಕಿನ ಪ್ರೋಟೀನ್ ಪುಡಿಯನ್ನೇ ಕೊಂಡೆ.

ಸಿಪ್ಪೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಬಿಸಿನೀರಿನಲ್ಲಿ ನೆನೆಸಿ ಸೋಸಿದ ಸಾರವನ್ನು ಪ್ರೋಟೀನಿನ ನೀರಿಗೆ ಒಮ್ಮೆಲೇ ಸುರಿದೆ. ಕ್ಷಣಮಾತ್ರದಲ್ಲಿ ಕಂದು ಗಸಿ ತಳ ಕಂಡಿತು. ಸಾರ ಹುಳಿ, ಅದು ಮಿಶ್ರಣದ ಪಿಎಚ್ ಅನ್ನು (ಹುಳಿ-ಕ್ಷಾರದ ಅಳತೆ; 7 ತಟಸ್ಥ, ಕೆಳಗಿಳಿದಷ್ಟೂ ಹುಳಿ) 5ರ ಆಸುಪಾಸಿಗೆ ಇಳಿಸಿತ್ತು. ಅಲ್ಲಿ ಹಾಲೊಡಕಿನ ಪ್ರೋಟೀನುಗಳ ವಿದ್ಯುದಂಶ ಹೆಚ್ಚುಕಡಿಮೆ ಶೂನ್ಯ, ಒಂದನ್ನೊಂದು ದೂರ ತಳ್ಳುವ ಬಲವೇ ಇರುವುದಿಲ್ಲ. ಜೊತೆಗೆ ಒಂದೊಂದು ಟ್ಯಾನಿನ್ ಅಣುವೂ ಎರಡು ಮೂರು ಪ್ರೋಟೀನುಗಳನ್ನು ಒಟ್ಟಿಗೆ ಕಟ್ಟಿಹಾಕುತ್ತದೆ. ಮುಂದಿನ ಸಲ ಸಾರದ ಹುಳಿಯನ್ನು ಅಡುಗೆ ಸೋಡಾದಿಂದ ತಗ್ಗಿಸಿ, ಪಿಎಚ್ 7ಕ್ಕೆ ತಂದು, 20 ಗ್ರಾಂ ಪ್ರೋಟೀನಿಗೆ ಒಂದು ಗ್ರಾಂ ಒಣ ಸಾರದ ಲೆಕ್ಕದಲ್ಲಿ, ಕಲಕುತ್ತಾ ಹನಿಹನಿಯಾಗಿ ಸೇರಿಸಿದೆ. ಗಸಿ ಇಳಿಯಲಿಲ್ಲ. ಪ್ರೋಟೀನು ಧಾರಾಳವಾಗಿರಬೇಕು, ಪಾಲಿಫೀನಾಲ್ ಕಂಜೂಸಿಯಿಂದ ಬೀಳಬೇಕು. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದೇ.

ಇನ್ನೊಂದು ದಾರಿಯೂ ಇದೆ. ಪಿಎಚ್ 9ಕ್ಕೆ ಏರಿಸಿ ಗಾಳಿಯಾಡುವಂತೆ ರಾತ್ರಿಯಿಡೀ ಕಲಕಿದರೆ ಪಾಲಿಫೀನಾಲ್ ಆಮ್ಲಜನಕದಿಂದ ಉತ್ಕರ್ಷಣಗೊಂಡು, ಬೇರೆಯದಕ್ಕೆ ಬೇಗ ಅಂಟುವ ಕ್ವಿನೋನ್ ಎಂಬ ರೂಪ ತಾಳಿ, ಪ್ರೋಟೀನಿಗೆ ಬಿಡಿಸಲಾರದ ಗಂಟು ಹಾಕುತ್ತದೆ. ಪ್ರಯೋಗಾಲಯಗಳಲ್ಲಿ ಇದು ಚಿರಪರಿಚಿತ ವಿಧಾನ. ನಾನೂ ಮಾಡಿ ನೋಡಿದೆ. ಬೆಳಿಗ್ಗೆ ಪಾತ್ರೆಯಲ್ಲಿ ಕಡು ಕಂದು ದ್ರವವಿತ್ತು. ಬಣ್ಣವನ್ನು ಹೇಗೋ ಸಹಿಸಬಹುದು. ಆದರೆ ಪ್ರೋಟೀನಿನಲ್ಲಿ ಆ ಗಂಟು ಬೀಳುವ ಜಾಗಗಳಲ್ಲಿ ಲೈಸೀನ್ ಎಂಬ ಅತ್ಯಗತ್ಯ ಅಮೈನೋ ಆಮ್ಲ ಸಹ ಒಂದು. ಅನ್ನ, ರೊಟ್ಟಿಯಲ್ಲಿ ಕಡಿಮೆ ಇರುವ ಲೈಸೀನ್ ಹಾಲಿನಲ್ಲಿ ಹೇರಳವಾಗಿದೆ ಎಂಬ ಕಾರಣಕ್ಕೇ ಹಾಲಿನ ಪ್ರೋಟೀನಿಗೆ ಬೆಲೆ. ಅದನ್ನೇ ಕೆಡಿಸಿ ಪೌಷ್ಟಿಕ ಪೇಯವೆಂದು ಮಾರಲು ಮನಸ್ಸು ಒಪ್ಪಲಿಲ್ಲ. ಪಿಎಚ್ 7ರಲ್ಲಿ ಮಾಡಿದ ಮೊದಲಿನ ಸಡಿಲ ಬಂಧದಲ್ಲೇ ಉಳಿದೆ.

ಎಣ್ಣೆ ಬೆರೆಸಿದ ಎರಡು ಬಾಟಲಿಗಳನ್ನು, ಒಂದು ಸಾರವಿದ್ದದ್ದು ಮತ್ತೊಂದು ಇಲ್ಲದ್ದು, ಏಪ್ರಿಲ್ ಸೆಕೆಯಲ್ಲಿ ಒಂದೇ ಕಪಾಟಿನಲ್ಲಿಟ್ಟೆ. ಸಾರವಿಲ್ಲದ್ದು ವಾರದೊಳಗೆ ಪೇಂಟ್ ಡಬ್ಬಿಯ ವಾಸನೆ ಬೀರಿತು. ಇನ್ನೊಂದರಲ್ಲಿ, ಎಣ್ಣೆ ಕೆಡತೊಡಗಿದಾಗ ಹುಟ್ಟುವ ಪೆರಾಕ್ಸೈಡಿನ ಪ್ರಮಾಣ ಆಗಲೂ ತಗ್ಗಿನಲ್ಲೇ ಇತ್ತು. ಒಗರು ಮಾತ್ರ ನಾಲಿಗೆಯ ಕೊನೆಗೆ ತುಸು ಉಳಿಯುತ್ತದೆ, ಒಳ್ಳೆಯ ಚಹಾದಲ್ಲಿ ಉಳಿಯುವಷ್ಟು.

ಮೊದಲ ಸಲ ತಯಾರಿಸಿದ ಬಾಟಲಿಗಳನ್ನು ಪರಿಚಯದವರಿಗೆ ಹಂಚುವಾಗ ಒಬ್ಬ ಗರ್ಭಿಣಿ, "ಊಟದ ಜೊತೆಗೇ ಕುಡಿಯಬಹುದೇ ಅಕ್ಕಾ?" ಎಂದು ಕೇಳಿದಳು. ಅವಳಿಗೆ ರಕ್ತಹೀನತೆ ಇತ್ತು. ಟ್ಯಾನಿನ್ ಸೊಪ್ಪು, ಕಾಳುಗಳ ಕಬ್ಬಿಣಾಂಶವನ್ನೂ ಹಿಡಿದು ದೇಹಕ್ಕೆ ಸೇರದಂತೆ ಮಾಡುತ್ತದೆ. ಬೇಡವೆಂದು ಬಾಟಲಿಯನ್ನು ವಾಪಸ್ ಪಡೆದೆ. ಊಟಕ್ಕೂ ಪೇಯಕ್ಕೂ ಎರಡು ಗಂಟೆ ಅಂತರವಿರಲಿ, ರಕ್ತಹೀನತೆ ಇರುವವರು ವೈದ್ಯರನ್ನು ಕೇಳದೆ ಕುಡಿಯಬಾರದು ಎಂಬ ಸಾಲು ಈಗ ನನ್ನ ಲೇಬಲ್ಲಿನಲ್ಲಿ ಹೆಸರಿನ ಕೆಳಗೇ ಇದೆ.