ವೀಸಾ, ಪಿಆರ್ ಅರ್ಜಿ: ಹೊಸದಾಗಿ ಬಂದವರು ಮೊದಲು ನೋಡಬೇಕಾದದ್ದು ತಾರೀಖು

ಸಂಘಕ್ಕೆ ಹೊಸದಾಗಿ ಬರುವ ಕುಟುಂಬಗಳು ಮೊದಲು ಕೇಳುವುದು "ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಎಷ್ಟು ದಿನಕ್ಕೆ ಸಿಗುತ್ತೆ?" ಎಂದು. ಇದಕ್ಕೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿಲ್ಲ. ನಾವು ತಿರುಗಿ ಕೇಳುವುದೇ ಬೇರೆ: "ನಿಮ್ಮ ಮನೆಯವರೆಲ್ಲರ ಪಾಸ್‌ಪೋರ್ಟ್ ಯಾವತ್ತು ಮುಗಿಯುತ್ತೆ?" ತಮ್ಮದು ಎಲ್ಲರಿಗೂ ಗೊತ್ತು, ಮಕ್ಕಳದ್ದು ಗೊತ್ತಿರುವುದಿಲ್ಲ. ದೊಡ್ಡವರ ಭಾರತೀಯ ಪಾಸ್‌ಪೋರ್ಟಿಗೆ 10 ವರ್ಷ, ಚಿಕ್ಕ ಮಕ್ಕಳದ್ದಕ್ಕೆ 5 ವರ್ಷ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯ, ಒಂದೊಂದು ದೇಶದ್ದು ಒಂದೊಂದು ನಿಯಮ. ಆದರೆ ನಾವು ನೋಡಿದ ಮಟ್ಟಿಗೆ ನಮ್ಮವರು ಎಡವುವ ಜಾಗ ಎಲ್ಲ ಕಡೆ ಒಂದೇ: ಅರ್ಹತೆ ಇರುತ್ತದೆ, ತಾರೀಖು ಮತ್ತು ಹೆಸರು ತಾಳೆಯಾಗುವುದಿಲ್ಲ.

ವೀಸಾ ಬೇರೆ, ಇರುವ ಅನುಮತಿ ಬೇರೆ. ಪಾಸ್‌ಪೋರ್ಟಿನ ಮೇಲೆ ಅಂಟಿಸಿದ ಅಮೆರಿಕದ ವೀಸಾ ಗಡಿಯವರೆಗೆ ಬಂದು ಬಾಗಿಲು ತಟ್ಟಲು ಮಾತ್ರ. ಒಳಗೆ ಎಷ್ಟು ದಿನ ಇರಬಹುದು ಎನ್ನುವುದು ಐ-94 ದಾಖಲೆಯಲ್ಲಿರುತ್ತದೆ. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ಕಂಪನಿಯ ಅರ್ಜಿ ಮೂರು ವರ್ಷಕ್ಕೆ ಮಂಜೂರಾಗಿತ್ತು, ನಾವು ನಿಶ್ಚಿಂತೆಯಿಂದಿದ್ದೆವು. ವಿಮಾನ ನಿಲ್ದಾಣದ ಅಧಿಕಾರಿ ನನ್ನ ಹೆಂಡತಿಯ ಐ-94ರಲ್ಲಿ ಬರೆದದ್ದು ಅವಳ ಪಾಸ್‌ಪೋರ್ಟ್ ಮುಗಿಯುವ ದಿನ. ಅದು ಅವರ ತಪ್ಪಲ್ಲ, ಪದ್ಧತಿಯೇ ಹಾಗೆ. ಪಾಸ್‌ಪೋರ್ಟ್ ನವೀಕರಿಸಿದರೂ ಆ ತಾರೀಖು ತಾನಾಗಿ ಮುಂದೆ ಹೋಗುವುದಿಲ್ಲ. ನಾವು ನೋಡಿದ್ದು ಗಡುವಿಗೆ ಹದಿನೈದು ದಿನ ಇರುವಾಗ. ಆ ಹದಿನೈದು ದಿನ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಆದ್ದರಿಂದ ಪ್ರತಿ ಸಲ ದೇಶದೊಳಗೆ ಬಂದ ಮಾರನೆಯ ದಿನವೇ ಐ-94 ಡೌನ್‌ಲೋಡ್ ಮಾಡಿ, ಪ್ರತಿಯೊಬ್ಬರದ್ದೂ ಓದಿ. ಅಲ್ಲಿ ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸಬೇಕೆಂಬ ನಿಯಮವೂ ಇದೆ, ಇದನ್ನು ಮರೆಯುವವರೇ ಹೆಚ್ಚು.

ಇನ್ನು ಹೆಸರು. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದ ಊರಿನ ಹೆಸರು ಮತ್ತು ಅಪ್ಪನ ಹೆಸರು, ಮದುವೆ ಪತ್ರದಲ್ಲಿ ಗಂಡನ ಹೆಸರು. ನಮಗೆ ಮೂರೂ ಒಬ್ಬರೇ. ಅರ್ಜಿ ನೋಡುವವರಿಗೆ ಮೂರು ಜನ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಬರುತ್ತದೆ. ಅಂದರೆ ಹೆಸರು ಗೊತ್ತಿಲ್ಲ ಎಂದರ್ಥ. ಮುಂದೆ ಡ್ರೈವಿಂಗ್ ಲೈಸೆನ್ಸಿನವರೆಗೂ ಅದು ಬೆನ್ನು ಹತ್ತುತ್ತದೆ. ಮೊದಲ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟ್ ಸರಿಪಡಿಸಿಕೊಳ್ಳುವುದು ಉತ್ತಮ. ಹಳೆಯ ದಾಖಲೆಗಳಿಗೆ "ಇವೆರಡೂ ಒಬ್ಬರದೇ ಹೆಸರು" ಎಂಬ ಅಫಿಡವಿಟ್ ಮಾಡಿಸಿಡಿ.

ಜನನ ಪ್ರಮಾಣಪತ್ರ ಇಲ್ಲದವರು, ಅದರಲ್ಲಿ ಮಗುವಿನ ಹೆಸರನ್ನೇ ಬರೆಸದವರು ನಮ್ಮಲ್ಲಿ ಬೇಕಾದಷ್ಟು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲಿ ಬಂತು, ಆದರೂ ಮನೆಯಲ್ಲೇ ಹುಟ್ಟಿದ ಎಷ್ಟೋ ಮಕ್ಕಳನ್ನು ಅದಾದ ಮೇಲೂ ಯಾರೂ ಬರೆಸಲಿಲ್ಲ. ಪ್ರಮಾಣಪತ್ರ ಇಲ್ಲದಿದ್ದರೆ ನೋಂದಣಿ ಕಚೇರಿಯಿಂದ 'ದಾಖಲೆ ಲಭ್ಯವಿಲ್ಲ' ಎಂಬ ಪತ್ರ ಪಡೆದು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಹಿರಿಯರ ಅಫಿಡವಿಟ್ ಜೊತೆಗಿಡುವುದು ರೂಢಿ. ಅಪ್ಪ, ಅಮ್ಮ ಇರುವಾಗಲೇ ಆ ಅಫಿಡವಿಟ್ ಮಾಡಿಸಿಕೊಳ್ಳಿ ಎಂದು ಹೇಳುವುದು ಮುಜುಗರದ ಮಾತು, ಆದರೂ ಹೇಳುತ್ತೇವೆ. ಕನ್ನಡದಲ್ಲಿರುವ ಪತ್ರಕ್ಕೆ ಅನುವಾದ ಬೇಕು. ನಿಮಗೆ ಎಷ್ಟೇ ಚೆನ್ನಾಗಿ ಬಂದರೂ ನಿಮ್ಮದನ್ನು ನೀವೇ, ಅಥವಾ ಮನೆಯವರು, ಅನುವಾದಿಸಿದರೆ ಕೆನಡಾ ಒಪ್ಪುವುದಿಲ್ಲ. ಅಪೊಸ್ಟಿಲ್ ಕೇಳಿದರೆ ಅದು ದಾಖಲೆ ಅಸಲಿ ಎಂದು ಭಾರತದ ವಿದೇಶಾಂಗ ಸಚಿವಾಲಯ ಹಾಕುವ ಮುದ್ರೆ.

ಮಕ್ಕಳ ವಯಸ್ಸಿನ ಗೆರೆಯೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ 21 ತುಂಬಿದರೆ, ಕೆನಡಾದಲ್ಲಿ 22 ತುಂಬಿದರೆ ಮಗ, ಮಗಳು ಸಾಮಾನ್ಯವಾಗಿ ಅವಲಂಬಿತರ ಪಟ್ಟಿಯಿಂದ ಹೊರಗೆ. ಅಮೆರಿಕದ ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿನಲ್ಲಿ (ಅಲ್ಲಿನ ಪಿಆರ್) ಒಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತದಲ್ಲಿ ಹುಟ್ಟಿದವರ ಸಾಲು ಬಹಳ ಉದ್ದ, ಕಾಯುವಷ್ಟರಲ್ಲಿ ಮಕ್ಕಳು ಆ ಗೆರೆ ದಾಟಿಬಿಡಬಹುದು. ಹೈಸ್ಕೂಲಿಗೆ ಹೋಗುವ ಮಕ್ಕಳಿದ್ದವರು ಈ ಲೆಕ್ಕವನ್ನು ಇಂದೇ ಹಾಕಿ. ಕೆನಡಾ ಅರ್ಜಿಯಲ್ಲಿ ಜೊತೆಗೆ ಬರದ ಮಗುವನ್ನೂ ಹೆಂಡತಿಯನ್ನೂ ನಮೂದಿಸಲೇಬೇಕು. ಬಿಟ್ಟರೆ ಮುಂದೆ ಅವರನ್ನು ಕುಟುಂಬದವರೆಂದು ಕರೆಸಿಕೊಳ್ಳುವ ದಾರಿಯೇ ಮುಚ್ಚಬಹುದು.

ಅರ್ಜಿ ಒಳಗಿರುವಾಗ ಟಿಕೆಟ್ ಬುಕ್ ಮಾಡುವ ಮುಂಚೆ ಕೇಳಿ. ಊರಿನಿಂದ ಫೋನ್ ಬಂದಾಗ ಇದೆಲ್ಲ ತಲೆಗೆ ಹೋಗುವುದಿಲ್ಲ, ಅದಕ್ಕೇ ಈಗಲೇ ಓದಿಕೊಳ್ಳಿ. ಬ್ರಿಟನ್ನಿನಲ್ಲಿ ವಿಸ್ತರಣೆಯ ಅರ್ಜಿ ಹಾಕಿ, ತೀರ್ಮಾನ ಬರುವ ಮುನ್ನ ದೇಶ ಬಿಟ್ಟರೆ ಅರ್ಜಿ ಹಿಂತೆಗೆದುಕೊಂಡಂತೆ. ಆಸ್ಟ್ರೇಲಿಯದಲ್ಲಿ ಬ್ರಿಡ್ಜಿಂಗ್ ವೀಸಾ 'ಎ' (ತೀರ್ಮಾನ ಬರುವವರೆಗಿನ ತಾತ್ಕಾಲಿಕ ವೀಸಾ) ಇದ್ದವರು ಹೊರಗೆ ಹೋಗಿ ಬರಲು 'ಬಿ' ಪಡೆಯಬೇಕು. ಅಮೆರಿಕದಲ್ಲಿ ಗ್ರೀನ್ ಕಾರ್ಡಿನ ಕೊನೆಯ ಹಂತದ ಅರ್ಜಿ ಹಾಕಿದವರು ಅಡ್ವಾನ್ಸ್ ಪೆರೋಲ್ (ಹೊರಗೆ ಹೋಗಿ ಬರಲು ಮೊದಲೇ ಪಡೆಯುವ ಅನುಮತಿ) ಇಲ್ಲದೆ ಹೊರಟರೆ ಅರ್ಜಿ ಕೈಬಿಟ್ಟಂತಾಗುತ್ತದೆ. ಎಚ್-1ಬಿ, ಎಲ್ ಎಂಬ ಕೆಲಸದ ವೀಸಾಗಳೂ ಸೇರಿ ಕೆಲವು ವೀಸಾದವರಿಗೆ ವಿನಾಯಿತಿ ಇದೆ.

ಪಿಆರ್ ಬಂದ ಮೇಲೂ ದಿನ ಎಣಿಸುವುದು ನಿಲ್ಲುವುದಿಲ್ಲ. ಕೆನಡಾದಲ್ಲಿ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು, ಒಟ್ಟಿಗೇ ಇರಬೇಕೆಂದೇನಿಲ್ಲ. ಬ್ರಿಟನ್ನಿನಲ್ಲಿ ಪಿಆರ್‌ಗೆ ಮುಂಚೆಯೇ ಎಣಿಕೆ ಶುರು: ಕೆಲಸದ ವೀಸಾದ ದಾರಿಯಲ್ಲಿ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರುವಂತಿಲ್ಲ. ಹೋದ ದಿನ, ಬಂದ ದಿನ ಬರೆದಿಡಲು ಒಂದು ಪುಸ್ತಕ ಇಡಿ. ಆರು ವರ್ಷದ ನಂತರ ಬೋರ್ಡಿಂಗ್ ಪಾಸ್ ಹುಡುಕುವ ಪಾಡು ಬೇಡ.

ಏಜೆಂಟರ ವಿಷಯ. ಸರ್ಕಾರಿ ಫಾರಂಗಳು ಪುಕ್ಕಟೆ ಸಿಗುತ್ತವೆ, ಸರಳ ಅರ್ಜಿ ನೀವೇ ತುಂಬಬಹುದು. ಹಿಂದೆ ತಿರಸ್ಕಾರವಾಗಿದ್ದರೆ, ಸ್ಟೇಟಸ್ (ಇರುವ ಅನುಮತಿ) ತಪ್ಪಿದ್ದರೆ, ಪೊಲೀಸ್ ಕೇಸಿದ್ದರೆ ಮಾತ್ರ ಸ್ನೇಹಿತರ ಸಲಹೆಗೆ ನಿಲ್ಲದೆ ವಕೀಲರ ಬಳಿ ಹೋಗಿ. ನಿಮ್ಮ ಏಜೆಂಟರು ವಕೀಲರೋ, ಆ ದೇಶದಲ್ಲಿ ನೋಂದಾಯಿತ ಸಲಹೆಗಾರರೋ ಎಂದು ಸಾರ್ವಜನಿಕ ಪಟ್ಟಿಯಲ್ಲಿ ನೋಡಿಕೊಳ್ಳಿ. ಅವರು ಬರೆದ ಸುಳ್ಳಿಗೂ ಸಹಿ ನಿಮ್ಮದೇ: ಕೆನಡಾದಲ್ಲಿ ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ 5 ವರ್ಷ ಪ್ರವೇಶವಿಲ್ಲ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಕಳಿಸಿದ ಅರ್ಜಿಯ ಪೂರ್ತಿ ಪ್ರತಿ ಕೇಳಿ ಪಡೆಯಿರಿ. ಮೂಲ ಪಾಸ್‌ಪೋರ್ಟ್ ಅವರ ಬಳಿ ಬಿಟ್ಟು ಬರಬೇಡಿ.