ಗ್ಯಾಲಿಯಂ-68 ಡೋಟಾಟೇಟ್ ಕೈಯಾರೆ ತಯಾರಿಸುವಾಗ ನಾನು ಇಟ್ಟುಕೊಳ್ಳುವ ಲೆಕ್ಕಗಳು

ಸಿಟಿ ಸ್ಕ್ಯಾನಿಗೆ ಕೊಡುವ ಅಯೋಡಿನ್ ಕಾಂಟ್ರಾಸ್ಟ್ 100 ಮಿ.ಲೀ. ಹೋದರೆ ಸುಮಾರು 30 ಗ್ರಾಂ ಅಯೋಡಿನ್ ರೋಗಿಯ ಮೈಗೆ ಸೇರುತ್ತದೆ. ಕೆಲವು ಬಗೆಯ ಗಡ್ಡೆಗಳನ್ನು ಹುಡುಕುವ ಪೆಟ್ ಸ್ಕ್ಯಾನಿಗೆ, ವಿಕಿರಣ ಸೂಸುವ ಗ್ಯಾಲಿಯಂ-68 ಅಂಟಿಸಿ ಕೊಡುವ ಡೋಟಾಟೇಟ್ ಎಂಬ ಪೆಪ್ಟೈಡ್ ಹಾಗಲ್ಲ. ಒಂದು ಬ್ಯಾಚಿಗೆ ನಾನು ಹಾಕುವ ಪೆಪ್ಟೈಡ್ ಒಟ್ಟು 40 ಮೈಕ್ರೋಗ್ರಾಂ, ಅದೂ ಮೂರು ಜನರಿಗೆ ಹಂಚಿಹೋಗುತ್ತದೆ. ಇಷ್ಟು ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವಾಗ ಸೂಜಿಯ ತುದಿಯಿಂದ ಬಿಟ್ಟ ಕಬ್ಬಿಣವೂ ದೊಡ್ಡ ಪಾಲುದಾರನಾಗಿಬಿಡುತ್ತದೆ. ಬ್ಯಾಚ್ ಕೆಟ್ಟಾಗ ನಾನು ಮೊದಲು ಅನುಮಾನಿಸುವುದು ಎರಡನ್ನೇ: ಪಿಎಚ್ ಮತ್ತು ಲೋಹದ ಕಲಬೆರಕೆ. ಉಳಿದದ್ದೆಲ್ಲ ಆಮೇಲೆ.

ಡೋಟಾಟೇಟ್ ಎಂಟು ಅಮೈನೋ ಆಮ್ಲಗಳ ಸಣ್ಣ ಪೆಪ್ಟೈಡ್. ನ್ಯೂರೋಎಂಡೋಕ್ರೈನ್ (ಹಾರ್ಮೋನು ಸ್ರವಿಸುವ ಜೀವಕೋಶಗಳಿಂದ ಹುಟ್ಟುವ) ಗಡ್ಡೆಗಳ ಜೀವಕೋಶಗಳ ಮೇಲೆ ಹೇರಳವಾಗಿರುವ ಸೊಮ್ಯಾಟೋಸ್ಟಾಟಿನ್ ರಿಸೆಪ್ಟರ್-2 ಎಂಬ ಗ್ರಾಹಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅದರ ಒಂದು ತುದಿಯಲ್ಲಿ ಡೋಟಾ ಎಂಬ ಉಂಗುರವಿದೆ. ಗ್ಯಾಲಿಯಂ ಕೂರುವುದು ಅದರೊಳಗೆ. ಗ್ಯಾಲಿಯಂ-68ರ ಅರ್ಧಾಯುಷ್ಯ 68 ನಿಮಿಷ. ಅದನ್ನು ಹುಟ್ಟಿಸುವ ಜರ್ಮೇನಿಯಂ-68ರದ್ದು 271 ದಿನ. ಹಾಗಾಗಿ ಒಂದು ಜನರೇಟರನ್ನು, ಅಂದರೆ ಜರ್ಮೇನಿಯಂ ಹಿಡಿದಿಟ್ಟ ಕಾಲಮ್ಮನ್ನು, ತಿಂಗಳುಗಟ್ಟಲೆ ಕರೆಯಬಹುದು. ಹಾಟ್ ಲ್ಯಾಬಿನಲ್ಲಿ (ವಿಕಿರಣ ಔಷಧ ತಯಾರಿಸುವ ಕೋಣೆ) ಎಲ್ಯೂಷನ್ನಿಗೆ, ಅಂದರೆ ಆಮ್ಲ ಹರಿಸಿ ಗ್ಯಾಲಿಯಂ ಇಳಿಸಿಕೊಳ್ಳುವುದಕ್ಕೆ, ಹಾಲು ಕರೆಯುವ ಮಾತನ್ನೇ ಆಡುತ್ತೇವೆ, ಹಸು ಸೀಸದ ಗೂಡಿನಲ್ಲಿರುತ್ತದೆ ಅಷ್ಟೇ. ಒಮ್ಮೆ ಕರೆದ ಮೇಲೆ 68 ನಿಮಿಷಕ್ಕೆ ಅರ್ಧ ತುಂಬುತ್ತದೆ, 4 ಗಂಟೆಗೆ ಶೇ. 91. ಬೆಳಿಗ್ಗೆ 8ಕ್ಕೆ ಒಂದು ಬ್ಯಾಚ್, ಮಧ್ಯಾಹ್ನ 12ಕ್ಕೆ ಇನ್ನೊಂದು ಎಂದು ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ.

ಪೆಪ್ಟೈಡ್ ಲೆಕ್ಕ ನೋಡಿ. ಡೋಟಾಟೇಟಿನ ಅಣುತೂಕ ಸುಮಾರು 1,436. 40 ಮೈಕ್ರೋಗ್ರಾಂ ಎಂದರೆ 28 ನ್ಯಾನೋಮೋಲ್. 35 ಮಿಲಿಕ್ಯೂರಿ (ವಿಕಿರಣ ಚಟುವಟಿಕೆಯ ಅಳತೆ) ಗ್ಯಾಲಿಯಂ-68 ಎಂದರೆ ಸುಮಾರು 13 ಪಿಕೋಮೋಲ್ ಮಾತ್ರ. ಒಂದೊಂದು ಗ್ಯಾಲಿಯಂ ಪರಮಾಣುವಿಗೆ ಎರಡು ಸಾವಿರಕ್ಕೂ ಹೆಚ್ಚು ಖಾಲಿ ಉಂಗುರಗಳು. ಹಾಗಿದ್ದರೆ 5 ಮೈಕ್ರೋಗ್ರಾಂ ಪೆಪ್ಟೈಡ್ ಸಾಲದೇ ಎಂದು ಹೊಸಬರು ಕೇಳುತ್ತಾರೆ. ಸಾಲುವುದಿಲ್ಲ. 1 ಮೈಕ್ರೋಗ್ರಾಂ ಕಬ್ಬಿಣ ಎಂದರೆ 18 ನ್ಯಾನೋಮೋಲ್. ಅಷ್ಟು ಕಬ್ಬಿಣ ಸೇರಿದರೆ 28ರಲ್ಲಿ 18 ಉಂಗುರ ಅದರ ಪಾಲಾಗಬಹುದು, ಗ್ಯಾಲಿಯಂಗಿಂತ ಸಾವಿರ ಪಟ್ಟು ಹೆಚ್ಚು ಸಂಖ್ಯೆಯಲ್ಲಿ ಅದು ಬಾಗಿಲಲ್ಲಿ ನಿಂತಿರುತ್ತದೆ. 40 ಮೈಕ್ರೋಗ್ರಾಂ ಹಾಕುವುದು ಈ ಕಳ್ಳರಿಗೆ ಕೊಟ್ಟು ಉಳಿಯಲಿ ಎಂದು.

ಕಬ್ಬಿಣ ಬರುವ ದಾರಿಗಳು ಸಾಮಾನ್ಯವಾದವೇ. ಆಮ್ಲದ ದ್ರಾವಣವನ್ನು ಸ್ಟೀಲ್ ಸೂಜಿಯಲ್ಲಿ ಎಳೆಯುವುದು ಮೊದಲನೆಯದು. 0.05 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ ಸೂಜಿಯೊಳಗೆ ಎರಡು ನಿಮಿಷ ನಿಂತರೂ ಸಾಕು. ಆಮ್ಲ ಹರಿಯುವ ಕಡೆಯೆಲ್ಲ ನಾನು ಪ್ಲಾಸ್ಟಿಕ್ ಕ್ಯಾನ್ಯುಲಾ ಬಳಸುತ್ತೇನೆ. ಎರಡನೆಯದು ಬಫರಿನ, ಅಂದರೆ ಪಿಎಚ್ ಹಿಡಿದಿಡುವ ದ್ರಾವಣದ, ಉಪ್ಪು ತೂಗುವಾಗ ಬಳಸುವ ಲೋಹದ ಚಮಚ. ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಪಿಎಚ್ ಮೀಟರಿನ ಎಲೆಕ್ಟ್ರೋಡನ್ನು ನೇರವಾಗಿ ಬಫರ್ ಬಾಟಲಿಗೇ ಇಳಿಸುವುದು. ಅಳೆಯಬೇಕಿದ್ದರೆ 1 ಮಿ.ಲೀ. ಬೇರೆ ತೆಗೆದು ಅಳೆದು ಚೆಲ್ಲಬೇಕು. ಆಮ್ಲ, ನೀರು, ಸೋಡಿಯಂ ಅಸಿಟೇಟ್ ಮೂರೂ ಲೋಹದ ಅಂಶ ಅತಿ ಕಡಿಮೆಯಿರುವ ದರ್ಜೆಯವೇ ಬೇಕು. ದುಬಾರಿ ಎಂದು ಇಲ್ಲಿ ಉಳಿಸಲು ಹೋದರೆ ಪೆಪ್ಟೈಡಿನಲ್ಲಿ ಕಳೆದುಕೊಳ್ಳುತ್ತೀರಿ. ಪೆಪ್ಟೈಡನ್ನು 1 ಮಿ.ಲೀ.ಗೆ 1 ಮಿಲಿಗ್ರಾಂನಂತೆ ಕರಗಿಸಿ, 40 ಮೈಕ್ರೋಲೀಟರಿನಂತೆ ಪ್ಲಾಸ್ಟಿಕ್ ಟ್ಯೂಬುಗಳಿಗೆ ಹಂಚಿ, ಮೈನಸ್ 20ರಲ್ಲಿ ಇಡುತ್ತೇನೆ. ಒಮ್ಮೆ ಕರಗಿದ ಟ್ಯೂಬ್ ಮತ್ತೆ ಫ್ರೀಜರಿಗೆ ಹೋಗುವುದಿಲ್ಲ.

ಇನ್ನೊಂದು ಲೋಹ ಜನರೇಟರಿನೊಳಗೇ ಹುಟ್ಟುತ್ತದೆ. ಗ್ಯಾಲಿಯಂ-68 ಕ್ಷಯಿಸಿ ಸತು-68 ಆಗುತ್ತದೆ. ಶುಕ್ರವಾರ ಸಂಜೆ ಕರೆದು ಸೋಮವಾರ ಬೆಳಿಗ್ಗೆಯವರೆಗೆ, ಅಂದರೆ ಸುಮಾರು 60 ಗಂಟೆ ಬಿಟ್ಟರೆ, ಕಾಲಮ್ಮಿನಲ್ಲಿ ಗ್ಯಾಲಿಯಂನ 35 ಪಟ್ಟಿಗಿಂತ ಹೆಚ್ಚು ಸತು ಕೂಡಿರುತ್ತದೆ. ಜೊತೆಗೆ ಸಡಿಲವಾದ ಜರ್ಮೇನಿಯಂ ಕೂಡ ಮೊದಲ ಕರೆಯುವಿಕೆಯಲ್ಲೇ ಹೆಚ್ಚಾಗಿ ಇಳಿಯುತ್ತದೆ. ಹಾಗಾಗಿ 24 ಗಂಟೆಗಿಂತ ಹೆಚ್ಚು ಬಿಟ್ಟ ಜನರೇಟರಿನ ಮೊದಲ ಹಾಲು ರೋಗಿಗಲ್ಲ. ಸೋಮವಾರ ಬೆಳಿಗ್ಗೆ 5ಕ್ಕೆ ಒಮ್ಮೆ ಕರೆದು ಚೆಲ್ಲಿ, 9ಕ್ಕೆ ಕೆಲಸಕ್ಕೆ ಕರೆಯಬೇಕು. ನಿದ್ದೆಗೆ ಕೊಡುವ ಬೆಲೆ ಇದು.

ಈಗ ಪಿಎಚ್. ನಾನು ಬಳಸುವುದು 0.05 ಮೋಲಾರ್ ಆಮ್ಲದಲ್ಲಿ ಇಳಿಯುವ ಜನರೇಟರ್. ಎಲ್ಯೂಷನ್ 4 ಮಿ.ಲೀ., ವೇಗ ನಿಮಿಷಕ್ಕೆ 1ರಿಂದ 2 ಮಿ.ಲೀ. ವಯಲಿನಲ್ಲಿ (ಗಾಜಿನ ಸಣ್ಣ ಸೀಸೆ) ಮೊದಲೇ ಪೆಪ್ಟೈಡ್ ಮತ್ತು 0.25 ಮೋಲಾರ್ ಸೋಡಿಯಂ ಅಸಿಟೇಟ್ 1 ಮಿ.ಲೀ. ಇರುತ್ತದೆ. 100 ಮಿ.ಲೀ. ಬಫರಿಗೆ ಟ್ರೈಹೈಡ್ರೇಟ್ ಉಪ್ಪು 3.40 ಗ್ರಾಂ. ಲೆಕ್ಕ ಸರಳ: 4 ಮಿ.ಲೀ. ಆಮ್ಲದಲ್ಲಿ 0.20 ಮಿಲಿಮೋಲ್, ಬಫರಿನಲ್ಲಿ 0.25. ಆಮ್ಲವೆಲ್ಲ ಅಸಿಟೇಟಿನೊಂದಿಗೆ ಸೇರಿ 0.20 ಅಸಿಟಿಕ್ ಆಮ್ಲವಾಗುತ್ತದೆ, 0.05 ಅಸಿಟೇಟ್ ಉಳಿಯುತ್ತದೆ. ಪಿಎಚ್ 4.2ರ ಆಸುಪಾಸು. ಸರಿಯಾದ ಜಾಗ.

ಆದರೆ ಈ ಅಂಚು ಎಷ್ಟು ತೆಳುವಾಗಿದೆ ಎಂದರೆ, ಕೈತಪ್ಪಿ 5 ಮಿ.ಲೀ. ಆಮ್ಲ ಹರಿಸಿದರೆ ಅಸಿಟೇಟ್ ಪೂರ್ತಿ ಮುಗಿದು ಪಿಎಚ್ 3ಕ್ಕೆ ಕುಸಿಯುತ್ತದೆ. ಅಲ್ಲಿ ಡೋಟಾ ಉಂಗುರಕ್ಕೆ ಪ್ರೋಟಾನ್‌ಗಳು ಅಂಟಿಕೊಂಡು ಗ್ಯಾಲಿಯಂ ಒಳಗೆ ಹೋಗಲು ತಿಣುಕುತ್ತದೆ. 3 ಮಿ.ಲೀ.ಗೇ ನಿಲ್ಲಿಸಿದರೆ 4.6. ಅದರಿಂದಾಚೆ, 5ರ ಹತ್ತಿರ ಹೋದಂತೆ ಗ್ಯಾಲಿಯಂ ನೀರಿನೊಂದಿಗೇ ಸೇರಿ ಹೈಡ್ರಾಕ್ಸೈಡ್ ಕಲಾಯ್ಡ್ (ಕರಗದ ಅತಿಸಣ್ಣ ಕಣಗಳು) ಆಗತೊಡಗುತ್ತದೆ. ಎರಡೂ ತಪ್ಪುಗಳೇ, ಆದರೆ ಸಮವಲ್ಲ. ಪಿಎಚ್ ಕಡಿಮೆಯಾಗಿದ್ದರೆ ದಾರಿ ಇದೆ: 5 ಮಿ.ಲೀ. ಹರಿದುಹೋದ ವಯಲಿಗೆ ಅದೇ ಬಫರ್ 0.3 ಮಿ.ಲೀ. ಸೇರಿಸಿದರೆ ಮತ್ತೆ 4.2. ಕಲಾಯ್ಡ್ ಆದದ್ದನ್ನು ಮಾತ್ರ ಆಮೇಲೆ ಆಮ್ಲ ಹಾಕಿ ರೋಗಿಯ ಸಮಯದೊಳಗೆ ಹಿಂದಕ್ಕೆ ತರಲಾಗದು. ಆದ್ದರಿಂದ ತಪ್ಪಿದರೂ ಆಮ್ಲದ ಕಡೆಗೇ ತಪ್ಪಲಿ ಎಂಬುದು ನನ್ನ ಪಕ್ಷಪಾತ. ಬಿಸಿಗೆ ಇಡುವ ಮುಂಚೆ 2 ಮೈಕ್ರೋಲೀಟರ್ ಹನಿಯನ್ನು ಪಿಎಚ್ ಪಟ್ಟಿಗೆ ಮುಟ್ಟಿಸಿ ನೋಡಿಯೇ ಮುಂದಿನ ಹೆಜ್ಜೆ.

0.1 ಮೋಲಾರ್ ಆಮ್ಲದ ಜನರೇಟರ್ ಇರುವವರು ಮೇಲಿನ ಪಾಕವನ್ನು ಹಾಗೇ ನಕಲು ಮಾಡಬೇಡಿ. ಅಲ್ಲಿ ಮೊದಲ 1ರಿಂದ 1.5 ಮಿ.ಲೀ. ಬಿಟ್ಟು, ಚಟುವಟಿಕೆ ದಟ್ಟವಾಗಿರುವ ನಡುವಿನ 2.5 ಮಿ.ಲೀ. ಹಿಡಿಯುವುದು ರೂಢಿ. ಅದರಲ್ಲಿ ಆಮ್ಲ 0.25 ಮಿಲಿಮೋಲ್, ಬಫರ್ 1.25 ಮಿ.ಲೀ. ಬೇಕು. ಜನರೇಟರ್ ಕಂಪನಿ ಬದಲಾದ ದಿನ ಬಫರ್ ಲೆಕ್ಕವೂ ಬದಲಾಗಬೇಕು. ಹಳೆಯ ಎಸ್‌ಒಪಿಯ (ಕೆಲಸದ ಲಿಖಿತ ವಿಧಾನ) ಜೆರಾಕ್ಸ್ ಗೋಡೆಯ ಮೇಲೆ ಹಾಗೇ ಉಳಿದರೆ ಬ್ಯಾಚ್‌ಗಳು ಸಾಲಾಗಿ ಕೆಡುತ್ತವೆ.

ಬಿಸಿ: 95 ಡಿಗ್ರಿ, 10 ನಿಮಿಷ. ಹೀಟಿಂಗ್ ಬ್ಲಾಕಿನ ಪರದೆ 95 ತೋರಿಸುತ್ತಿದ್ದರೂ ವಯಲಿನೊಳಗೆ ಅಷ್ಟು ಇರುವುದಿಲ್ಲ. ಗಾಜಿನ ತಳ ಬಾಗಿರುತ್ತದೆ, ನಡುವೆ ಗಾಳಿಯ ಪದರ. 5 ಮಿ.ಲೀ. ನೀರು ತುಂಬಿದ ವಯಲಿಗೆ ಥರ್ಮಾಮೀಟರ್ ಇಳಿಸಿ, ಬ್ಲಾಕನ್ನು ಎಷ್ಟಕ್ಕೆ ಇಟ್ಟರೆ ಒಳಗೆ 95 ಬರುತ್ತದೆ, ಎಷ್ಟು ನಿಮಿಷಕ್ಕೆ ಬರುತ್ತದೆ ಎಂದು ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ಪ್ರಾಸ್ಟೇಟಿಗೆ ಬಳಸುವ ಪಿಎಸ್‌ಎಂಎ-11ರಲ್ಲಿ ಉಂಗುರದ ಬದಲು ಎಚ್‌ಬೆಡ್-ಸಿಸಿ ಎಂಬ ಬೇರೆ ಹಿಡಿತವಿದೆ, ಅದು ಕೋಣೆಯ ಉಷ್ಣತೆಯಲ್ಲೇ ಗ್ಯಾಲಿಯಂ ಹಿಡಿಯುತ್ತದೆ. ಆ ಅಭ್ಯಾಸದಲ್ಲಿ ಡೋಟಾಟೇಟಿಗೂ ಬಿಸಿ ಕಡಿಮೆ ಮಾಡಿದರೆ ನಡೆಯದು.

ತಣ್ಣಗಾದ ದ್ರಾವಣ ಸಿ-18 ಎಂಬ ಶುದ್ಧೀಕರಣ ಕಾರ್ಟ್ರಿಜಿಗೆ ಹೋಗುತ್ತದೆ. ಅದನ್ನು ಮೊದಲು ಎಥನಾಲ್, ಆಮೇಲೆ ನೀರಿನಿಂದ ಹದಗೊಳಿಸಿರಬೇಕು, ನಡುವೆ ಒಣಗಲು ಬಿಡಬಾರದು. ಕಾರ್ಟ್ರಿಜ್ ಪೆಪ್ಟೈಡನ್ನು ಹಿಡಿದುಕೊಳ್ಳುತ್ತದೆ, ಮುಕ್ತ ಗ್ಯಾಲಿಯಂ ಮತ್ತು ಜರ್ಮೇನಿಯಂ 5 ಮಿ.ಲೀ. ಸಲೈನಿನಲ್ಲಿ ತೊಳೆದುಹೋಗುತ್ತವೆ. 1 ಮಿ.ಲೀ. ಶೇ. 50 ಎಥನಾಲಿನಲ್ಲಿ ಪೆಪ್ಟೈಡನ್ನು ಇಳಿಸಿ, 0.22 ಮೈಕ್ರಾನ್ ಫಿಲ್ಟರ್ ದಾಟಿಸಿ, 9 ಮಿ.ಲೀ. ಸಲೈನಿನಿಂದ ಅದೇ ಫಿಲ್ಟರ್ ತೊಳೆದುಕೊಂಡರೆ ಕೊನೆಯ 10 ಮಿ.ಲೀ.ನಲ್ಲಿ ಎಥನಾಲ್ ಶೇ. 5. ಫಿಲ್ಟರಿನ ಬಬಲ್ ಪಾಯಿಂಟ್ ಪರೀಕ್ಷೆಗೆ (ಗಾಳಿಯ ಒತ್ತಡ ಕೊಟ್ಟು ಫಿಲ್ಟರ್ ಹರಿದಿಲ್ಲವೆಂದು ನೋಡುವುದು) ಮುಂಚೆ ಅದನ್ನು ನೀರಿನಿಂದ ಚೆನ್ನಾಗಿ ತೊಳೆಯಬೇಕು. ಎಥನಾಲ್ ಉಳಿದ ಫಿಲ್ಟರ್ ಸರಿಯಿದ್ದರೂ ಸೋತಂತೆ ತೋರಿಸುತ್ತದೆ.

ಗುಣಪರೀಕ್ಷೆಯಲ್ಲಿ ಜನ ಎಡವುವುದು ಟಿಎಲ್‌ಸಿ ಪಟ್ಟಿಯನ್ನು (ದ್ರಾವಕ ಮೇಲೇರುವಾಗ ಬೆರೆತ ವಸ್ತುಗಳನ್ನು ಬೇರ್ಪಡಿಸುವ ಪಟ್ಟಿ) ಒಂದೇ ದ್ರಾವಕದಲ್ಲಿ ಓಡಿಸಿ ಮುಗಿಸುವುದರಿಂದ. 0.1 ಮೋಲಾರ್ ಸಿಟ್ರೇಟಿನಲ್ಲಿ ಮುಕ್ತ ಗ್ಯಾಲಿಯಂ ಮೇಲಕ್ಕೆ ಓಡುತ್ತದೆ, ಪೆಪ್ಟೈಡ್ ತಳದಲ್ಲೇ ಕೂರುತ್ತದೆ. ಆದರೆ ಕಲಾಯ್ಡ್ ಕೂಡ ತಳದಲ್ಲೇ ಕೂರುತ್ತದೆ. ಅರ್ಧ ಬ್ಯಾಚ್ ಕಲಾಯ್ಡ್ ಆಗಿದ್ದರೂ ಸಿಟ್ರೇಟ್ ಪಟ್ಟಿ ಶೇ. 99 ಎಂದು ನಗುತ್ತದೆ. ಎರಡನೇ ಪಟ್ಟಿ 1 ಮೋಲಾರ್ ಅಮೋನಿಯಂ ಅಸಿಟೇಟ್ ಮತ್ತು ಮೆಥನಾಲ್ ಸಮಪಾಲಿನಲ್ಲಿ: ಇಲ್ಲಿ ಪೆಪ್ಟೈಡ್ ಮೇಲಕ್ಕೆ, ಕಲಾಯ್ಡ್ ತಳಕ್ಕೆ. ಎರಡೂ ಓಡಿಸಿ, ಒಟ್ಟು ಶುದ್ಧತೆ ಶೇ. 95 ದಾಟದಿದ್ದರೆ ವಯಲ್ ಬಾಗಿಲು ದಾಟುವುದಿಲ್ಲ. ಕಾರ್ಟ್ರಿಜ್ ಇದೆಯಲ್ಲ, ಕಲಾಯ್ಡ್ ಅಲ್ಲೇ ಸಿಕ್ಕಿಕೊಂಡಿರುತ್ತದೆ ಎಂಬ ನಂಬಿಕೆಯಲ್ಲಿ ಈ ಪಟ್ಟಿ ಬಿಡುವಂತಿಲ್ಲ. ಪಟ್ಟಿ ಕತ್ತರಿಸಿ ವೆಲ್ ಕೌಂಟರಿನಲ್ಲಿ (ವಿಕಿರಣ ಎಣಿಸುವ ಯಂತ್ರ) ಎಣಿಸುವವರು ಹನಿಯನ್ನು ತೆಳು ಮಾಡಿ ಹಾಕಬೇಕು. ವಿಕಿರಣ ಹೆಚ್ಚಿರುವ ಹನಿಯಲ್ಲಿ ಡಿಟೆಕ್ಟರ್ ಉಸಿರುಕಟ್ಟಿ ಪೆಪ್ಟೈಡ್ ತುಂಡನ್ನು ಕಡಿಮೆ ಎಣಿಸುತ್ತದೆ, ಒಳ್ಳೆಯ ಬ್ಯಾಚೂ ಕೆಟ್ಟಂತೆ ಕಾಣುತ್ತದೆ.

ಅರ್ಧಾಯುಷ್ಯದ ಪರೀಕ್ಷೆ ಡೋಸ್ ಕ್ಯಾಲಿಬ್ರೇಟರಿನಲ್ಲಿ (ವಿಕಿರಣ ಚಟುವಟಿಕೆ ಅಳೆಯುವ ಯಂತ್ರ) ಎರಡು ಓದು. 15 ನಿಮಿಷದ ನಂತರ 100 ಇದ್ದದ್ದು 86ರ ಹತ್ತಿರ ಬರಬೇಕು. 62ರಿಂದ 74 ನಿಮಿಷದ ಮಿತಿಗೆ ಲೆಕ್ಕ ಹಾಕಿದರೆ 84.6ರಿಂದ 86.9 ಮಾತ್ರ, ಆದ್ದರಿಂದ ಗಡಿಯಾರದ ಸೆಕೆಂಡನ್ನೂ ಬರೆಯಿರಿ. ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷಾಂಶ) ಕಾರ್ಟ್ರಿಜ್ ಪರೀಕ್ಷೆಯೂ ಇಷ್ಟರಲ್ಲೇ ಮುಗಿಯುತ್ತದೆ. ಸ್ಟೆರಿಲಿಟಿ (ಸೂಕ್ಷ್ಮಾಣು ಇಲ್ಲವೆಂಬ) ಫಲಿತಾಂಶಕ್ಕೆ 14 ದಿನ, ಅದು ಬರುವ ಹೊತ್ತಿಗೆ ರೋಗಿ ಎಂದೋ ಮನೆಗೆ ಹೋಗಿರುತ್ತಾರೆ.

ರೋಗಿಗಳ ಸಮಯವನ್ನು ಹಿಂದಿನಿಂದ ಲೆಕ್ಕ ಹಾಕಬೇಕು. 35 ಮಿಲಿಕ್ಯೂರಿ ಇಳಿದರೆ, 35 ನಿಮಿಷದ ತಯಾರಿಕೆ ಮತ್ತು ಪರೀಕ್ಷೆ ಮುಗಿಯುವಾಗ ಕ್ಷಯಕ್ಕೇ ಶೇ. 30 ಹೋಗಿರುತ್ತದೆ. ಉಳಿದದ್ದರಲ್ಲಿ ಶೇ. 85 ಕೈಗೆ ಬಂದರೆ 21 ಮಿಲಿಕ್ಯೂರಿ. ಒಬ್ಬರಿಗೆ 4ರಂತೆ, 25 ನಿಮಿಷದ ಅಂತರದಲ್ಲಿ ಕೊಟ್ಟರೆ ಮೂರನೆಯವರಿಗೆ ಸರಿಯಾಗಿ ಸಿಗುತ್ತದೆ. ನಾಲ್ಕನೆಯವರ ಸರದಿಗೆ ವಯಲಿನಲ್ಲಿ 2.4 ಮಾತ್ರ. ರಿಸೆಪ್ಷನ್ನಿನವರು ನಾಲ್ಕು ಹೆಸರು ಬರೆದಿದ್ದರೆ ಬೆಳಿಗ್ಗೆಯೇ ಹೇಳಿಬಿಡುವುದು ಒಳ್ಳೆಯದು. ಜನರೇಟರಿಗೆ ಒಂಬತ್ತು ತಿಂಗಳಾದ ಮೇಲೆ ಈ ಅಂಕಿಗಳೆಲ್ಲ ಅರ್ಧ.

ಪರೀಕ್ಷೆ ತಪ್ಪಿಸಿಕೊಂಡ ತಪ್ಪು ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಮುಕ್ತ ಗ್ಯಾಲಿಯಂ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನಾದ ಟ್ರಾನ್ಸ್‌ಫೆರಿನ್ ಹಿಡಿದು ತಿರುಗುತ್ತದೆ, ಒಂದು ಗಂಟೆಯಾದರೂ ಹೃದಯ ಮತ್ತು ದೊಡ್ಡ ರಕ್ತನಾಳಗಳು ಹೊಳೆಯುತ್ತಿರುತ್ತವೆ. ಕಲಾಯ್ಡ್ ಯಕೃತ್ತು, ಗುಲ್ಮಗಳಲ್ಲಿ ಇಳಿಯುತ್ತದೆ. ಈ ಗಡ್ಡೆಗಳು ಹರಡುವುದೂ ಹೆಚ್ಚಾಗಿ ಯಕೃತ್ತಿಗೇ, ಅಲ್ಲಿನ ಹಿನ್ನೆಲೆ ಏರಿದರೆ ಸಣ್ಣ ಗಂಟುಗಳು ಮುಳುಗಿಹೋಗುತ್ತವೆ. ಸರಿಯಾದ ಡೋಟಾಟೇಟ್ ಚಿತ್ರದಲ್ಲಿ ಸಾಮಾನ್ಯವಾಗಿ ಗುಲ್ಮ ಯಕೃತ್ತಿಗಿಂತ ಗಾಢವಾಗಿರಬೇಕು. ಅದು ತಿರುವುಮುರುವಾದರೆ ನಾನು ಮೊದಲು ರೋಗಿ ಆಕ್ಟ್ರಿಯೋಟೈಡ್ (ಅದೇ ರಿಸೆಪ್ಟರಿಗೆ ಅಂಟುವ ಔಷಧ) ಚುಚ್ಚುಮದ್ದು ಯಾವಾಗ ತೆಗೆದುಕೊಂಡರು, ಗುಲ್ಮ ಇದೆಯೋ ತೆಗೆದಿದ್ದಾರೋ ಎಂದು ಕೇಳಿ, ಆಮೇಲೆ ನನ್ನ ಪಟ್ಟಿಗಳನ್ನು ಮತ್ತೆ ತೆರೆಯುತ್ತೇನೆ.

ಕೈಗಳ ವಿಷಯ: 0.5 ಮಿ.ಮೀ. ಸೀಸದ ಏಪ್ರನ್ ಗ್ಯಾಲಿಯಂ-68ರಿಂದ ಬರುವ 511 ಕೆಇವಿ ಶಕ್ತಿಯ ಕಿರಣಕ್ಕೆ ಹೆಚ್ಚೂಕಡಿಮೆ ಬರೀ ಬಟ್ಟೆ. 50 ಮಿ.ಮೀ. ಸೀಸದ ಇಟ್ಟಿಗೆ, ಟಂಗ್‌ಸ್ಟನ್ ಸಿರಿಂಜ್ ಕವಚ, ಉದ್ದ ಇಕ್ಕಳ, ಬೆರಳಿಗೆ ವಿಕಿರಣ ಡೋಸ್ ಅಳೆಯುವ ಉಂಗುರದ ಟಿಎಲ್‌ಡಿ. ಡೋಸ್ ಬೀಳುವುದು ವಯಲ್ ಹಿಡಿಯುವ ಬೆರಳಿಗೆ, ಎದೆಯ ಬ್ಯಾಡ್ಜ್ ಅದನ್ನು ತೋರಿಸುವುದಿಲ್ಲ.

ತ್ಯಾಜ್ಯವನ್ನು ಎರಡು ಡಬ್ಬಿಗಳಲ್ಲಿ ಇಡುತ್ತೇನೆ. ವಯಲ್, ಸಿರಿಂಜುಗಳ ಗ್ಯಾಲಿಯಂ 11 ಗಂಟೆ 20 ನಿಮಿಷದಲ್ಲಿ ಹತ್ತು ಅರ್ಧಾಯುಷ್ಯ ದಾಟಿ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಸೋಮವಾರ ಚೆಲ್ಲಿದ ಮೊದಲ ಹಾಲು ಮತ್ತು ಕಾರ್ಟ್ರಿಜ್ ತೊಳೆದ ನೀರು ಬೇರೆ ಡಬ್ಬಿಗೆ, ಏಕೆಂದರೆ ಜರ್ಮೇನಿಯಂ ಇರುವುದು ಅವುಗಳಲ್ಲಿ. ಎಲ್ಯೂಷನ್ನಿನ ಸ್ವಲ್ಪ ಭಾಗವನ್ನು ಬೇರೆ ತೆಗೆದಿಟ್ಟು 48 ಗಂಟೆ ಕಳೆದ ಮೇಲೆ ಎಣಿಸಿದರೆ ಸಿಗುವುದು ಜರ್ಮೇನಿಯಂ ಸೋರಿಕೆಯ ಅಂಕಿ, ಅದು ಶೇ. 0.001 ಮೀರಬಾರದು. ಈ ಅಂಕಿಯನ್ನು ವಾರಕ್ಕೊಮ್ಮೆ ಗ್ರಾಫಿನ ಮೇಲೆ ಗುರುತಿಸುತ್ತೇನೆ. ಮಿತಿಯೊಳಗೇ ಇದ್ದರೂ ಗೆರೆ ಮೂರು ವಾರ ಸತತವಾಗಿ ಮೇಲಕ್ಕೆ ಹೊರಟಿದ್ದರೆ ಹೊಸ ಜನರೇಟರಿನ ಆರ್ಡರ್ ಕಾಗದ ಅಂದೇ ಹೊರಡುತ್ತದೆ.